ಇಲ್ಲಿ ಪಕ್ಕವಾದ್ಯ ಯಾವುದು?

1947ರಲ್ಲಿ ಲಂಡನ್ನಿನಲ್ಲಿ, ಎಚ್‌ಎಂವಿ ಕಂಪನಿಗಾಗಿ, ಅರವತ್ತೇಳು ದಾಟಿದ ರಷ್ಯನ್ ಪಿಯಾನೊ ವಾದಕನೊಬ್ಬ ತನ್ನದೇ ಕೃತಿಗಳನ್ನು ನುಡಿಸಿ ಧ್ವನಿಮುದ್ರಿಸಲು ಕುಳಿತ. ಹೃದಯದ ಕಾಯಿಲೆ ಆಗಲೇ ಒಮ್ಮೆ ಅವನನ್ನು ಹಾಸಿಗೆ ಹಿಡಿಸಿತ್ತು. ಹೊಸ ಕಾಲದ ಸಂಗೀತ ಅವನನ್ನು ಬದಿಗೆ ಸರಿಸಿ ಮುಂದೆ ಹೋಗಿತ್ತು. ಅವನ ಕೃತಿಗಳನ್ನು ಕೊಂಡು ಕೇಳುವವರು ಲಂಡನ್ನಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ಹಾಗಿದ್ದೂ ಸಾಲು ಸಾಲಾಗಿ ತಟ್ಟೆಗಳು ತಯಾರಾದವು. ಖರ್ಚು ಕೊಟ್ಟದ್ದು ಮೈಸೂರು.

ಆ ವಾದಕನ ಹೆಸರು ನಿಕೊಲಾಯ್ ಮೆಟ್ನರ್. ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರಿಗೆ ಇಪ್ಪತ್ತೆಂಟರ ಆಸುಪಾಸು. ಲಂಡನ್ನಿನಲ್ಲಿ ಮೆಟ್ನರ್ ಹೆಸರಿನಲ್ಲೇ ಒಂದು ಸೊಸೈಟಿ ಹುಟ್ಟುಹಾಕಿಸಿ, ಅವನ ಕೃತಿಗಳು ಅವನ ಕೈಯಿಂದಲೇ ತಟ್ಟೆಗೆ ಇಳಿಯುವಂತೆ ನೋಡಿಕೊಂಡವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು, ಅಂದರೆ ಪಿಯಾನೊ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿಯನ್ನು, ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. ಯುದ್ಧಕಾಲದಲ್ಲಿ ಬಾಂಬಿನ ಹೆದರಿಕೆಗೆ ಲಂಡನ್ ಬಿಟ್ಟು, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಆಶ್ರಯ ಪಡೆದಿದ್ದಾಗ ಬರೆದ ಕೃತಿ ಅದು. 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ನುಡಿಯಿತು.

ಕಂಚೆರ್ಟೊಗಳ ಕತೆಯನ್ನು ಮೈಸೂರಿನ ಅಭಿಮಾನಿಗಳು ಆಗಾಗ ಹೇಳುತ್ತಾರೆ. ಆ ತಟ್ಟೆಗಳ ಮಾಲೆಯಲ್ಲಿ ಸದ್ದಿಲ್ಲದೆ ಸೇರಿಕೊಂಡ ಇನ್ನೊಂದು ಕೃತಿಯ ಮಾತು ಬರುವುದು ಅಪರೂಪ. ಅದು ಪಿಟೀಲು ಮತ್ತು ಪಿಯಾನೊಗೆ ಬರೆದ ಮೊದಲ ಸೊನಾಟಾ, ಬಿ ಮೈನರ್, ಓಪಸ್ 21. ಪಿಟೀಲು ಹಿಡಿದವಳು ಲಿಯೊಪೋಲ್ಡ್ ಆಯರ್ ಗರಡಿಯಲ್ಲಿ ಪಳಗಿದ ಸಿಸಿಲಿಯಾ ಹ್ಯಾನ್ಸೆನ್. ಪಿಯಾನೊದಲ್ಲಿ ಸ್ವತಃ ಮೆಟ್ನರ್. ಮೆಟ್ನರ್ ಪಿಯಾನೊ ಬಿಟ್ಟು ಒಂದು ಪುಟವನ್ನೂ ಬರೆದವನಲ್ಲ. ಹದಿನಾಲ್ಕು ಪಿಯಾನೊ ಸೊನಾಟಾ, ಮೂರು ಕಂಚೆರ್ಟೊ, ನೂರಕ್ಕೂ ಹೆಚ್ಚು ಹಾಡು, ಎಲ್ಲದರಲ್ಲೂ ಪಿಯಾನೊ ಇದ್ದೇ ಇದೆ. ಅಂಥವನು ಪಿಟೀಲಿಗೆ ಮೂರು ಸೊನಾಟಾ ಬರೆದ. ಮೂರನೆಯದು 1938ರದ್ದು. ಅಣ್ಣ ಎಮಿಲ್ ತೀರಿಕೊಂಡ ನೆನಪಿಗೆ ಬರೆದ ಅದು ಮುಕ್ಕಾಲು ಗಂಟೆಯ ಆಸುಪಾಸು ಹಿಡಿಯುತ್ತದೆ.

ಬೆರಳುಮನೆಗಳ ಮೇಲೆ ಬದುಕಿದವನು ಪಿಟೀಲಿಗೆ ಬರೆದರೆ ಏನಾಗುತ್ತದೆ? ಈ ಪ್ರಶ್ನೆ ಮೆಟ್ನರ್‌ಗಿಂತ ಎರಡು ಶತಮಾನ ಹಳೆಯದು. ಕನ್ನಡದ ಕಿವಿಗೆ ಇದು ಹೆಚ್ಚು ಕುತೂಹಲದ್ದು ಎನಿಸಲು ಕಾರಣವೂ ಇದೆ. ನಮ್ಮ ಕಛೇರಿಯಲ್ಲಿ ಪಿಟೀಲು ಕೂತಿರುವ ಜಾಗ ಗೊತ್ತಿರುವುದೇ: ಗಾಯಕರ ಪಕ್ಕ. ಅವರು ಹಾಡಿದ್ದನ್ನು ಹಿಂಬಾಲಿಸಬೇಕು, ಅವರು ಉಸಿರು ತೆಗೆದುಕೊಳ್ಳುವಾಗ ಎಳೆ ಕಡಿಯದಂತೆ ಹಿಡಿದುಕೊಳ್ಳಬೇಕು, ಬಿಟ್ಟುಕೊಟ್ಟಾಗ ತನ್ನ ಆಲಾಪನೆ, ತನ್ನ ಸ್ವರ. ತಿರುಮಕೂಡಲಿನ ಚೌಡಯ್ಯನವರು 1927ರಲ್ಲಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದೂ ಈ ಜಾಗದ ಕಷ್ಟದಿಂದಲೇ. ಮೈಕು ಇಲ್ಲದ ದೊಡ್ಡ ಸಭೆಗಳಲ್ಲಿ, ಗಟ್ಟಿ ಕಂಠದ ಗಾಯಕರ ಪಕ್ಕದಲ್ಲಿ, ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಹೀಗಾಗಿ ಯುರೋಪಿನ ಪಿಟೀಲು ಸೊನಾಟಾ ಕೇಳಲು ಕೂತ ಕನ್ನಡಿಗರು ತಿಳಿದೋ ತಿಳಿಯದೆಯೋ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ. ಹೆಸರಲ್ಲೇ ಪಿಟೀಲು ಇರುವುದರಿಂದ ಇಲ್ಲಿ ಅದೇ ಪ್ರಧಾನ, ಜೊತೆಗಿರುವ ಪಿಯಾನೊ ಪಕ್ಕವಾದ್ಯ ಎಂಬ ಲೆಕ್ಕ.

ಕೀಬೋರ್ಡಿನ ಮಂದಿ ಬರೆದ ಸೊನಾಟಾಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತ ಕೇಳುವುದೇ ಅವುಗಳ ರುಚಿ.

ಹಿಂದಕ್ಕೆ, ಬರೋಕ್ ಕಾಲಕ್ಕೆ ಹೋಗೋಣ. 1600ರಿಂದ 1750ರವರೆಗಿನ ಯುರೋಪಿನ ಸಂಗೀತಕ್ಕೆ ಈ ಹೆಸರು ಸಲ್ಲುತ್ತದೆ. ಆಗ ಪಿಯಾನೊ ಇನ್ನೂ ಮನೆಮಾತಾಗಿರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ಹಾರ್ಪ್ಸಿಕಾರ್ಡ್. ಹೊರನೋಟಕ್ಕೆ ಪಿಯಾನೊದ ಅಕ್ಕನಂತಿದ್ದರೂ ಒಳಗಿನ ಕೆಲಸವೇ ಬೇರೆ. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಯ ಗರಿಯಿಂದ ಮಾಡಿದ ಸಣ್ಣ ಕೊಕ್ಕೊಂದು ತಂತಿಯನ್ನು ಮೀಟುತ್ತದೆ. ಮೈಸೂರಿನವರಿಗೆ ಇಷ್ಟು ಹೇಳಿದರೆ ಸಾಕು. ಮೀಟಿದ ನಾದ ಹುಟ್ಟುವಾಗ ಚೂಪು, ಮರುಕ್ಷಣದಿಂದಲೇ ಇಳಿಕೆ. ವೀಣೆ ಕೇಳಿ ಬೆಳೆದ ಕಿವಿಗೆ ಇದನ್ನು ಕಲಿಸಬೇಕಾಗಿಲ್ಲ. ವೀಣೆಯಲ್ಲಿರುವ ಗಮಕ ಮಾತ್ರ ಇದರಲ್ಲಿಲ್ಲ, ತಂತಿಯನ್ನು ಎಳೆಯುವಂತಿಲ್ಲ. ಬೆರಳನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಪಕ್ಕದಲ್ಲಿ ಕಮಾನಿನಿಂದ ನಾದವನ್ನು ಉಬ್ಬಿಸಿ ಇಳಿಸಬಲ್ಲ ಪಿಟೀಲು. ಒಂದು ಮೀಟು, ಒಂದು ಎಳೆತ: ಈ ಎರಡನ್ನು ಹೊಂದಿಸುವುದೇ ಬರೆಯುವವನಿಗೆ ಒಡ್ಡಿದ ಸವಾಲು.

ಆ ಕಾಲದ ಕೀಬೋರ್ಡ್ ಸಂಗೀತಕಾರರಲ್ಲಿ ದೊಮೆನಿಕೊ ಸ್ಕಾರ್ಲಾಟಿಯಷ್ಟು ಒಂದೇ ವಾದ್ಯಕ್ಕೆ ಅಂಟಿಕೊಂಡ ಹೆಸರು ಮತ್ತೊಂದಿಲ್ಲ. 1685ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದ. ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ್ದೂ ಅದೇ ವರ್ಷ. ಪೋರ್ಚುಗಲ್ ರಾಜಕುಮಾರಿ ಮರಿಯಾ ಬಾರ್ಬರಾಗೆ ಹಾರ್ಪ್ಸಿಕಾರ್ಡ್ ಗುರುವಾದ. 1729ರಲ್ಲಿ ಆಕೆ ಸ್ಪೇನಿನ ಯುವರಾಜನನ್ನು ಮದುವೆಯಾಗಿ ಹೊರಟಾಗ ಗುರುವೂ ಹಿಂದೆಯೇ ಹೊರಟ. 1757ರಲ್ಲಿ ಮ್ಯಾಡ್ರಿಡ್‌ನಲ್ಲೇ ಸತ್ತ. ಅವನ 555 ಸೊನಾಟಾಗಳು ಉಳಿದದ್ದೇ ರಾಣಿಗಾಗಿ ಅಂದವಾಗಿ ನಕಲು ಮಾಡಿಸಿದ ಸಂಪುಟಗಳಿಂದ. ಆಕೆ ಅವನ್ನು ಹೆಸರಾಂತ ಗಾಯಕ ಫರಿನೆಲ್ಲಿಗೆ ಬಿಟ್ಟುಹೋದಳು. ಅಲ್ಲಿಂದ ಅವು ವೆನಿಸ್‌ನ ಗ್ರಂಥಾಲಯ ಸೇರಿದವು. ತಾನೇ ನುಡಿಸಬಲ್ಲ ರಾಜಮನೆತನದವರ ನೆರಳು ಸಿಕ್ಕರೆ ಕೃತಿಗಳಿಗೆ ಎಂಥ ಆಯಸ್ಸು ಬರುತ್ತದೆ ಎನ್ನುವುದಕ್ಕೆ ಮ್ಯಾಡ್ರಿಡ್ ಒಂದು ಸಾಕ್ಷಿಯಾದರೆ ಮೈಸೂರು ಇನ್ನೊಂದು.

ಆ 555ರಲ್ಲಿ ಹೆಚ್ಚಿನವು ಒಂದೇ ಭಾಗದ ಪುಟ್ಟ, ಚುರುಕಾದ ತುಣುಕುಗಳು. ಕೈ ಮೇಲೆ ಕೈ ಹಾಯಿಸಿ ನುಡಿಸಬೇಕಾದವು, ಗಿಟಾರಿನ ಗೀರು ನೆನಪಿಸುವವು. ಅವುಗಳ ನಡುವೆ ಬೆರಳೆಣಿಕೆಯ ಕೆಲವು ಮಾತ್ರ ಬೇರೆ ಜಾತಿಯವು. ಕೆ. 81, ಕೆ. 88ರಿಂದ 91 ಈ ಗುಂಪಿನವು. (ಕೆ. ಎಂದರೆ 1953ರಲ್ಲಿ ಪಟ್ಟಿ ಮಾಡಿದ ರಾಲ್ಫ್ ಕರ್ಕ್‌ಪ್ಯಾಟ್ರಿಕ್.) ಇವುಗಳಲ್ಲಿ ಮೂರು ನಾಲ್ಕು ಭಾಗಗಳಿವೆ. ಮೇಲೆ ಒಂದೇ ರಾಗದ ಎಳೆ, ಕೆಳಗೆ ಒಂದೇ ಮಂದ್ರದ ಎಳೆ. ಆ ಕೆಳಗಿನ ಎಳೆಯ ಸ್ವರಗಳಿಗೆ ಅಲ್ಲಲ್ಲಿ ಅಂಕಿ ಹಾಕಿದೆ: 6, 7, 4.

ಸಂಗೀತದ ಹಾಳೆಯಲ್ಲಿ ಅಂಕಿಗೆ ಏನು ಕೆಲಸ? ಮಂದ್ರದ ಸ್ವರದ ಕೆಳಗೆ 6 ಇದ್ದರೆ, ಆ ಸ್ವರವನ್ನೇ ಒಂದೆಂದು ಹಿಡಿದು ಎಣಿಸಿದಾಗ ಬರುವ ಆರನೆಯ ಸ್ವರವನ್ನೂ ಜೊತೆಗೆ ನುಡಿಸಬೇಕು. ಎಡಗೈಗೆ ಬರೆದದ್ದಿದೆ, ಬಲಗೈಗೆ ಸಿಗುವುದು ಈ ಅಂಕಿಗಳು ಮಾತ್ರ. ಉಳಿದದ್ದನ್ನು ವಾದಕ ಆ ಕ್ಷಣದಲ್ಲಿ ತುಂಬಿಕೊಳ್ಳಬೇಕು. ಒಬ್ಬ ಸಾದಾ ಮೂರು ಸ್ವರ ಒತ್ತಿ ಸುಮ್ಮನಾಗುತ್ತಾನೆ, ಇನ್ನೊಬ್ಬ ಅವನ್ನೇ ಒಡೆದು ಹರಡುತ್ತಾನೆ, ಮೂರನೆಯವನು ಪಿಟೀಲಿನ ಎಳೆಗೆ ಉತ್ತರವನ್ನೇ ಕೊಟ್ಟುಬಿಡುತ್ತಾನೆ. ಒಂದೇ ಸೊನಾಟಾದ ಎರಡು ಧ್ವನಿಮುದ್ರಿಕೆ ಕೇಳಿದರೆ ಕೃತಿಯೇ ಬೇರೆಯೇನೋ ಅನಿಸುವುದು ಇದಕ್ಕೇ. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವೂ ಬರೆದಿಟ್ಟದ್ದು, ಮನೋಧರ್ಮಕ್ಕೆ ಎಡೆಯಿಲ್ಲ ಎಂದು ನಮ್ಮಲ್ಲಿ ಸಲೀಸಾಗಿ ಹೇಳುತ್ತಾರೆ. ಬರೋಕ್ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ.

ಸ್ಕಾರ್ಲಾಟಿಯ ಹಾಳೆಯಲ್ಲಿ ಪಿಟೀಲು ಎಂದು ಬರೆದೇ ಇಲ್ಲ ಎನ್ನುವುದು ಇದರ ತಮಾಷೆ. ಮೇಲಿನ ಎಳೆ ಹಾಡುವಂತಿದೆ, ಹಾರ್ಪ್ಸಿಕಾರ್ಡ್ ಒಂಟಿಯಾಗಿ ನುಡಿಸಿದರೆ ತೆಳ್ಳಗೆ ಕೇಳುತ್ತದೆ, ಕೆಳಗೆ ಅಂಕಿಗಳಿವೆ. ಹೀಗಾಗಿ ಇದು ಬೇರೊಂದು ವಾದ್ಯಕ್ಕೂ ಹಾರ್ಪ್ಸಿಕಾರ್ಡಿಗೂ ಸೇರಿ ಬರೆದದ್ದೇ ಇರಬೇಕು ಎಂದು ವಿದ್ವಾಂಸರು ತರ್ಕಿಸುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ಪ್ಯಾರಿಸ್ಸಿನಲ್ಲಿ ಸಿಕ್ಕ ಒಂದು ಪ್ರತಿಯಲ್ಲಿ ಕೆ. 89ರ ಸಂಗೀತಕ್ಕೆ ಮ್ಯಾಂಡೊಲಿನ್ ಎಂದು ನಮೂದಾಗಿದೆ. ಈಗ ಅವನ್ನು ಪಿಟೀಲಿಗೂ ನುಡಿಸುತ್ತಾರೆ, ಮ್ಯಾಂಡೊಲಿನ್‌ಗೂ, ಕೊಳಲಿಗೂ. ಕೆ. 90ರ ಮೊದಲ ಭಾಗ ನಿಧಾನದ, ಗಂಭೀರ ನಡೆಯದು; ಪಿಟೀಲಿನ ಎಳೆತದಲ್ಲಿ ಕೇಳಿದರೆ ಇದು ಬೇರೆ ವಾದ್ಯದ್ದು ಎಂದು ವಾದಿಸುವ ಉತ್ಸಾಹವೇ ಇಳಿದುಹೋಗುತ್ತದೆ.

ಫ್ರಾನ್ಸಿನಲ್ಲಿ ಎಲಿಝಬೆತ್ ಜಾಕೆ ದ ಲಾ ಗೆರ್ ಎಂಬಾಕೆ ಇದ್ದಳು. ಎಳೆಯ ವಯಸ್ಸಿನಲ್ಲೇ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಹಾರ್ಪ್ಸಿಕಾರ್ಡ್ ನುಡಿಸಿ ಹೆಸರು ಮಾಡಿದವಳು. 1707ರಲ್ಲಿ ಪಿಟೀಲು ಸೊನಾಟಾಗಳನ್ನು ಅಚ್ಚು ಹಾಕಿಸಿದಳು. ಅದೇ ವರ್ಷ ಬಂದ ತನ್ನ ಹಾರ್ಪ್ಸಿಕಾರ್ಡ್ ತುಣುಕುಗಳನ್ನು ಬೇಕಿದ್ದರೆ ಪಿಟೀಲಿನಲ್ಲೂ ನುಡಿಸಬಹುದು ಎಂದು ಪುಸ್ತಕದ ಹೆಸರಿನಲ್ಲೇ ಹೇಳಿದಳು. ಮೈಸೂರಿನ ವೀಣೆ ಶೇಷಣ್ಣನವರು ವೀಣೆಯ ಬೆರಳಲ್ಲೇ ಪಿಟೀಲೂ ಪಿಯಾನೊವೂ ನುಡಿಸುತ್ತಿದ್ದರು. ಅವರ ತಿಲ್ಲಾನಗಳನ್ನು ಇಂದು ಪಿಟೀಲಿನವರೂ ಎತ್ತಿಕೊಳ್ಳುತ್ತಾರೆ. ವಾದ್ಯದ ಬೇಲಿ ಕಟ್ಟಿದ್ದು ನಂತರದವರು.

ಬಾಖ್ ಹತ್ತಿರ ಬಂದರೆ ಆಟ ಬೇರೆಯದೇ. ಬದುಕಿದ್ದಾಗ ಜರ್ಮನಿ ಅವನನ್ನು ಕಂಡದ್ದು ಮುಖ್ಯವಾಗಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡಿನ ನಿಪುಣನಾಗಿ. ಪಿಟೀಲೂ ಚೆನ್ನಾಗಿ ಬರುತ್ತಿತ್ತು. ಪಿಟೀಲು ಮತ್ತು ಹಾರ್ಪ್ಸಿಕಾರ್ಡಿಗೆ ಅವನು ಬರೆದ ಆರು ಸೊನಾಟಾಗಳಿಗೆ ಬಾಖ್ ಕೃತಿಗಳ ಪಟ್ಟಿಯಲ್ಲಿ ಬಿಡಬ್ಲ್ಯುವಿ 1014ರಿಂದ 1019 ಎಂಬ ಸಂಖ್ಯೆ. 1725ರ ಹೊತ್ತಿನ ಹಸ್ತಪ್ರತಿಯೊಂದರ ಶೀರ್ಷಿಕೆಯಲ್ಲಿ ಹಾರ್ಪ್ಸಿಕಾರ್ಡಿನ ಹೆಸರು ಮೊದಲು, ಪಿಟೀಲಿನದು ಆಮೇಲೆ. ಇಲ್ಲಿ ಅಂಕಿಗಳನ್ನು ನಂಬಿ ಬಲಗೈಯನ್ನು ವಾದಕನಿಗೇ ಬಿಟ್ಟುಕೊಡುವ ಕೆಲಸ ಹೆಚ್ಚು ಕಡೆ ಇಲ್ಲ. ಬಲಗೈಗೂ ಪ್ರತಿ ಸ್ವರ ಬರೆದಿದ್ದಾನೆ. ಎಡಗೈ ಒಂದು ಎಳೆ, ಬಲಗೈ ಒಂದು, ಪಿಟೀಲು ಒಂದು. ಮೂವರು ಸರಿಸಮ. ತಂದೆಯ ಮರಣದ ಎಷ್ಟೋ ವರ್ಷಗಳ ನಂತರ, 1774ರಲ್ಲಿ, ಮಗ ಕಾರ್ಲ್ ಫಿಲಿಪ್ ಎಮಾನ್ಯುಯೆಲ್ ಇವುಗಳನ್ನು ಅಪ್ಪನ ಅತ್ಯುತ್ತಮ ಕೃತಿಗಳ ಸಾಲಿಗೆ ಸೇರಿಸಿ ಪತ್ರ ಬರೆದ.

ಮೊದಲನೆಯ ಸೊನಾಟಾ ತೆರೆದುಕೊಳ್ಳುವಾಗಲೇ ಪಿಟೀಲು ಸುಮ್ಮನಿದೆ. ಹಾರ್ಪ್ಸಿಕಾರ್ಡ್ ಮಾತು ಶುರುಮಾಡಿ ಸ್ವಲ್ಪ ದೂರ ಹೋದ ಮೇಲೆ ಪಿಟೀಲು ಒಳಗೆ ಬರುತ್ತದೆ, ಅದೂ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು. ಐದನೆಯ ಸೊನಾಟಾದ, ಅಂದರೆ ಬಿಡಬ್ಲ್ಯುವಿ 1018ರ, ಮೂರನೆಯ ಭಾಗವಂತೂ ನಮ್ಮ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಹಾರ್ಪ್ಸಿಕಾರ್ಡ್ ಬಿಡುವಿಲ್ಲದೆ ಓಡುತ್ತಿದೆ, ಪಿಟೀಲು ಒಮ್ಮೆಗೆ ಎರಡೆರಡು ತಂತಿ ಒತ್ತಿ ನಿಧಾನಕ್ಕೆ ಆಸರೆ ಕೊಡುತ್ತಿದೆ. ಪಿಟೀಲೇ ಇಲ್ಲಿ ಪಕ್ಕವಾದ್ಯ. ಆರನೆಯದರ ಮೂರನೆಯ ಭಾಗದಲ್ಲಿ ಬಾಖ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಆ ಸೊನಾಟಾವನ್ನು ಮತ್ತೆ ಮತ್ತೆ ತಿದ್ದಿ, ಕೊನೆಯ ರೂಪದಲ್ಲಿ ಆ ಭಾಗವನ್ನು ಹಾರ್ಪ್ಸಿಕಾರ್ಡ್ ಒಂದಕ್ಕೇ ಬಿಟ್ಟುಕೊಟ್ಟ. ತನಿ ಆವರ್ತನ ನಡೆಯುವಾಗ ಗಾಯಕರು ತಾಳ ಹಾಕುತ್ತ ಕೂರುವಂತೆ, ಪಿಟೀಲಿನವರು ವಾದ್ಯ ಕೆಳಗಿಳಿಸಿ ಕಾಯುತ್ತಾರೆ.

ಮೆಟ್ನರ್ ಬರೋಕ್ ಕಾಲದವನಲ್ಲ. 1880ರಲ್ಲಿ ಮಾಸ್ಕೊದಲ್ಲಿ ಹುಟ್ಟಿ, 1921ರಲ್ಲಿ ರಷ್ಯಾ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆನಿಂತ. ಹಾಗಿದ್ದೂ ಎಳೆಗಳನ್ನು ಸಮವಾಗಿ ನೇಯುವ ಈ ಹಳೆಯ ಶಿಸ್ತು ಅವನ ಕೈಯಲ್ಲಿದೆ. ಮೈಸೂರಿನ ದುಡ್ಡಿನಲ್ಲಿ ತಟ್ಟೆಯಾದ ಆ ಸೊನಾಟಾಕ್ಕೆ ಮೂರು ಭಾಗ: ಮೊದಲನೆಯದು ಹಾಡಿನ ನಡೆ, ಎರಡನೆಯದು ಕುಣಿತ, ಮೂರನೆಯದು ಗ್ರೀಕರ ಮಧುದೇವನ ಸ್ತೋತ್ರದ ಹೆಸರು ಹೊತ್ತದ್ದು. ಪಿಟೀಲಿನ ಜೊತೆ ಸಾಗುವ ಪಿಯಾನೊ ಎಲ್ಲೂ ಬರೀ ತಾಳ ಹಿಡಿಯುವುದಿಲ್ಲ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ನಾಲ್ಕೈದು ನಿಮಿಷ. ಆಗ ಕೇಳುತ್ತಿದ್ದವರು ಒಂದು ಸೊನಾಟಾ ಮುಗಿಸಲು ಎಷ್ಟು ಸಲ ಎದ್ದು ತಟ್ಟೆ ತಿರುಗಿಸಬೇಕಿತ್ತೋ!

ಇಂಥ ಸಂಗೀತದ ರುಚಿ ಮೈಸೂರರಮನೆಗೆ ಹತ್ತಿದ್ದು ಹೇಗೆ? ನಾಲ್ವಡಿ ಕೃಷ್ಣರಾಜ ಒಡೆಯರ್ ಪಿಟೀಲು, ಪಿಯಾನೊ, ಸ್ಯಾಕ್ಸೊಫೋನ್‌ಗಳನ್ನು ತಾವೇ ನುಡಿಸುತ್ತಿದ್ದರು. ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಜರ್ಮನಿಯ ಓಟೊ ಶ್ಮಿಟ್ ನಡೆಸುತ್ತಿದ್ದ. ಆ ಮನೆಯಲ್ಲಿ ಬೆಳೆದ ಜಯಚಾಮರಾಜರು ಪಿಯಾನೊದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದಕ್ಕೆ ಸಿಂಹಾಸನ ಏರಿದವರಿಗೆ ವೇದಿಕೆಯ ಪಿಯಾನೊ ವಾದಕರಾಗುವ ದಾರಿ ಮುಚ್ಚಿತು.

ಅವರು ಕರ್ನಾಟಕ ಸಂಗೀತದ ಕಡೆ ಗಾಢವಾಗಿ ಹೊರಳಿದ್ದು ಆಮೇಲೆ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ, ವಾಸುದೇವಾಚಾರ್ಯರಿಂದ ಕೃತಿರಚನೆಯ ಮಾರ್ಗದರ್ಶನ. ಶ್ರೀವಿದ್ಯಾ ಅಂಕಿತದಲ್ಲಿ ಅವರು ರಚಿಸಿದ 94 ಕೃತಿಗಳು ಹುಟ್ಟಿದ್ದು 1945ರಿಂದ 1947ರ ನಡುವೆ. ಲಂಡನ್ನಿನಲ್ಲಿ ಮೆಟ್ನರ್ ತಟ್ಟೆಗಳ ಏರ್ಪಾಡು ನಡೆದದ್ದೂ ಸರಿಸುಮಾರು ಅದೇ ಹೊತ್ತಿನಲ್ಲಿ. ಒಂದು ಮೇಜಿನ ಮೇಲೆ ಅಠಾಣದ ಗಣಪತಿ ಕೃತಿ, ಇನ್ನೊಂದರ ಮೇಲೆ ಎಚ್‌ಎಂವಿಯ ಕಾಗದಪತ್ರ. ಇವೆರಡು ಒಂದಕ್ಕೊಂದು ಅಡ್ಡಬಂದಂತೆ ಅವರ ಬದುಕಿನಲ್ಲಿ ಎಲ್ಲೂ ಕಾಣುವುದಿಲ್ಲ.

ಎಚ್‌ಎಂವಿಯ ವಾಲ್ಟರ್ ಲೆಗ್ ಆಗ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟುತ್ತಿದ್ದ. ಮಹಾರಾಜರು ಅದಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದೂ ಅವರ ನೆರವಿನಿಂದ. ಮೆಟ್ನರ್ ಮಾಲೆ ಮಾತ್ರ ಮೂರು ಸಂಪುಟಕ್ಕೆ ನಿಂತಿತು. ಇತ್ತ ಅರಸೊತ್ತಿಗೆ ಮುಗಿದು ಮಹಾರಾಜರು ರಾಜಪ್ರಮುಖರಾದರು. ಅತ್ತ 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ಅವನು ತನ್ನ ಕೈಯಿಂದ ನುಡಿಸಿದ ಕಂಚೆರ್ಟೊಗಳು, ಹಾಡುಗಳು, ಆ ಪಿಟೀಲು ಸೊನಾಟಾ ಉಳಿದದ್ದು ಆ ಕೆಲವು ವರ್ಷಗಳ ಸಂದಿಯಲ್ಲಿ.

ಇವನ್ನೆಲ್ಲ ಈಗ ಎಲ್ಲಿ ಕೇಳುವುದು? ಅರಮನೆಯ ನಂಟು ಬೇಕಿಲ್ಲ. ಪೀಣ್ಯದ ಪಕ್ಕದ ಹೆಗ್ಗನಹಳ್ಳಿಯಲ್ಲಿ ಲೇತ್ ಮತ್ತು ಹೊಲಿಗೆ ಯಂತ್ರಗಳ ಸದ್ದು ನಿಂತ ಮೇಲೆ, ಮಹಡಿ ಮನೆಯ ಕೋಣೆಯಲ್ಲಿ ಕೂತವರಿಗೂ ಸ್ಕಾರ್ಲಾಟಿ, ಬಾಖ್, ಮೆಟ್ನರ್ ಮೂವರೂ ಫೋನಿನಲ್ಲಿ ಸಿಗುತ್ತಾರೆ. ಅಲ್ಲಿಂದ ಮಲ್ಲೇಶ್ವರದ ಕಡೆಗೆ ಬಂದರೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ. ನಗರದ ಇನ್ನೊಂದು ಮಗ್ಗುಲಲ್ಲಿ 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಪಿಟೀಲು, ಪಿಯಾನೊ ಕಲಿಸುತ್ತಿದೆ.

ಕೇಳುವಾಗ ಒಂದು ಎಚ್ಚರ ಬೇಕು. ಫೋನಿನ ಪುಟ್ಟ ಸ್ಪೀಕರಿಗೆ ಮಂದ್ರ ಸ್ವರಗಳನ್ನು ಹೊರಹಾಕುವ ತಾಕತ್ತಿಲ್ಲ. ಪಿಟೀಲು ಕೇಳಿಸುತ್ತದೆ, ಹಾರ್ಪ್ಸಿಕಾರ್ಡಿನ ಎಡಗೈ ಮಾಯವಾಗುತ್ತದೆ, ಅಲ್ಲಿಗೆ ಅರ್ಧ ಸೊನಾಟಾ ಹೋದಂತೆಯೇ. ಅಗ್ಗದ ಇಯರ್‌ಫೋನ್ ಆದರೂ ಪರವಾಗಿಲ್ಲ, ಹಾಕಿಕೊಳ್ಳಬೇಕು. ನಮ್ಮಲ್ಲಿ ತಂಬೂರಿ ಷಡ್ಜದಲ್ಲಿ ನಿಂತಿರುತ್ತದೆ, ಮೇಲಿನದೆಲ್ಲ ಅದಕ್ಕೆ ಹೊಂದಿಕೊಂಡು ಚಲಿಸುತ್ತದೆ. ಇಲ್ಲಿ ತಳವೇ ನಡೆಯುತ್ತದೆ. ಪಿಟೀಲು ಒಂದೇ ಸ್ವರ ಹಿಡಿದು ನಿಂತಾಗ ಕೆಳಗಿನ ಎಳೆ ಮನೆಯಿಂದ ಮನೆಗೆ ಹೆಜ್ಜೆ ಹಾಕುತ್ತಿದ್ದರೆ, ಅದೇ ಸ್ವರ ಒಮ್ಮೆ ನಿರಾಳ, ಒಮ್ಮೆ ತುಯ್ದಾಟ ಅನಿಸುತ್ತದೆ. ರಾಗದ ಎಳೆಯ ಬೆನ್ನು ಹತ್ತುವ ಅಭ್ಯಾಸವನ್ನು ಸ್ವಲ್ಪ ಹೊತ್ತು ಬಿಟ್ಟು ಎಡಗೈಯ ಬೆನ್ನು ಹತ್ತಿದರೆ ಇದು ಹಿಡಿತಕ್ಕೆ ಸಿಗುತ್ತದೆ.

ಹಳೆಯ ಬಗೆಯ ವಾದ್ಯಗಳ ಧ್ವನಿಮುದ್ರಿಕೆಯಲ್ಲಿ ಪಿಟೀಲಿಗೆ ಉಕ್ಕಿನ ಬದಲು ಪ್ರಾಣಿಯ ಕರುಳಿನ ತಂತಿ ಇರುತ್ತದೆ. ನಾದ ಸ್ವಲ್ಪ ಒರಟು, ಬೆಚ್ಚಗೆ. ಶ್ರುತಿಯೂ ತಗ್ಗಿರುತ್ತದೆ. ಈಗಿನ ವಾದ್ಯವೃಂದಗಳ ‘ಎ’ ಸ್ವರ ಸಾಮಾನ್ಯವಾಗಿ ಸೆಕೆಂಡಿಗೆ 440 ಕಂಪನವಾದರೆ ಇವರದು ಹೆಚ್ಚಾಗಿ 415. ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಅರ್ಧ ಮನೆ ಕೆಳಗೆ. ಗಾಯಕರ ಕಂಠಕ್ಕೆ ತಕ್ಕಂತೆ ಶ್ರುತಿ ಬದಲಾಯಿಸಿಕೊಂಡೇ ಬಂದ ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಬಾಖ್‌ನ ಆರು ಸೊನಾಟಾಗಳಿಗೆ ರೇಚಲ್ ಪೋಜರ್ ಮತ್ತು ಟ್ರೆವರ್ ಪಿನಾಕ್ ಜೋಡಿಯ ಹಾರ್ಪ್ಸಿಕಾರ್ಡ್ ಧ್ವನಿಮುದ್ರಿಕೆ ಒಳ್ಳೆಯ ಆರಂಭ. ಅದರ ಪಕ್ಕದಲ್ಲಿಟ್ಟು ಕೇಳಬೇಕಾದದ್ದು ಜೈಮೆ ಲರೇಡೊ ಪಿಟೀಲು ಹಿಡಿದ, ಗ್ಲೆನ್ ಗೂಲ್ಡ್ ಪಿಯಾನೊ ನುಡಿಸಿದ 1970ರ ದಶಕದ ಧ್ವನಿಮುದ್ರಿಕೆ. ಗೂಲ್ಡ್ ತಾನು ಪಕ್ಕವಾದ್ಯದವನು ಎಂದು ಒಂದು ಕ್ಷಣವೂ ಒಪ್ಪಿಕೊಂಡಂತಿಲ್ಲ. ಕೆಲವೆಡೆ ಪಿಟೀಲಿಗೆ ಜಾಗ ಸಾಲದೆಂದು ಕೇಳುಗರಿಗೆ ಸಿಟ್ಟೂ ಬಂದೀತು. ಹೊಸಬರು ಆರೂ ಸೊನಾಟಾಗಳನ್ನು ಒಂದೇ ಉಸಿರಿಗೆ ಮುಗಿಸಲು ಹೋಗದೆ, ಮೊದಲು ಬಿಡಬ್ಲ್ಯುವಿ 1018ರ ಮೂರನೆಯ ಭಾಗವನ್ನು ಎರಡೂ ಜೋಡಿಗಳಲ್ಲಿ ಕೇಳಿ, ಆಮೇಲೆ ಸ್ಕಾರ್ಲಾಟಿಯ ಕೆ. 90ಕ್ಕೆ, ಅಲ್ಲಿಂದ ಹ್ಯಾನ್ಸೆನ್ ಮತ್ತು ಮೆಟ್ನರ್ ನುಡಿಸಿದ ಬಿ ಮೈನರ್ ಸೊನಾಟಾಕ್ಕೆ ಬರುವುದು ಅನುಕೂಲ. ಕೊನೆಯದರಲ್ಲಿ ಹಳೆಯ ತಟ್ಟೆಯ ಕರಕರ ಸದ್ದು ಸ್ವಲ್ಪ ಸಹಿಸಿಕೊಳ್ಳಬೇಕಾಗುತ್ತದೆ.